ಬಾಲ್ಕನಿ ಬಾಗಿಲಿಗೆ ಡಮಾಸ್ಕ್ ಪರದೆ: ಎರಡು ಸಲ ಹೊಲಿದ ಕಥೆ

ನಮ್ಮ ಹಾಲ್‌ನ ಬಾಲ್ಕನಿ ಬಾಗಿಲು ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರು ಗಂಟೆಯಾದರೆ ಸಾಕು, ಸೋಫಾ ಮೇಲೆ ಕೂರುವ ಹಾಗಿಲ್ಲ. ನಾಲ್ಕು ವರ್ಷ ರೆಡಿಮೇಡ್ ಪರದೆಯಲ್ಲೇ ಕಾಲ ತಳ್ಳಿದೆವು. ಕಂದು ಬಣ್ಣದ್ದು, ಏಳು ಅಡಿ ಉದ್ದ. ಬಿಸಿಲಿಗೆ ಮಡಿಕೆ ಉಬ್ಬಿದ ಜಾಗವೆಲ್ಲ ಬಿಳಿಚಿ, ಒಳಗಿನ ಜಾಗ ಹಾಗೇ ಉಳಿದು, ಕೊನೆಗೆ ಹುಲಿಪಟ್ಟೆಯಾಯಿತು. ಬಂದ ನೆಂಟರೊಬ್ಬರು "ಪಟ್ಟೆ ಡಿಸೈನ್ ಚೆನ್ನಾಗಿದೆ" ಅಂದ ದಿನ ಅದನ್ನು ತೆಗೆದುಹಾಕಿದೆ.

ಈ ಸಲ ಬಟ್ಟೆ ತಂದು ನಾನೇ ಹೊಲಿಯುವುದು ಎಂದು ನಿರ್ಧಾರ. ಅಮ್ಮನ ಹಳೆಯ ಉಷಾ ಕಾಲ್ಮೆಷಿನ್ ಮನೆಯಲ್ಲೇ ಇದೆ. ನೇರ ಹೊಲಿಗೆ ನನಗೆ ಬರುತ್ತದೆ. ಪರದೆಗೆ ಬೇಕಾಗಿರುವುದೂ ನೇರ ಹೊಲಿಗೆ ಮಾತ್ರ, ಅಲ್ವಾ?

ಬಟ್ಟೆ ಯಾವುದು ಎಂಬ ಬಗ್ಗೆ ಅನುಮಾನವಿರಲಿಲ್ಲ. ಒಂದು ಹೋಟೆಲ್‌ನಲ್ಲಿ ಮೇಜಿನ ಬಿಳಿ ಹೊದಿಕೆ ನೋಡಿದ್ದೆ. ಬಿಳಿ ಮೇಲೆ ಬಿಳಿ ಬಳ್ಳಿ. ನೇರ ನೋಡಿದರೆ ಕಾಣುವುದಿಲ್ಲ, ತಲೆ ಸ್ವಲ್ಪ ಓರೆ ಮಾಡಿದರೆ ಬಳ್ಳಿ ಎದ್ದು ಬರುತ್ತದೆ. ಅದೇ ಡಮಾಸ್ಕ್. ಹಿಂದೆ ಯುರೋಪಿನವರಿಗೆ ಇಂಥ ಬಟ್ಟೆ ಸಿರಿಯಾದ ದಮಾಸ್ಕಸ್ ಪೇಟೆಯಿಂದ ಹೋಗುತ್ತಿತ್ತು, ಹೆಸರು ಅಲ್ಲಿಂದ ಬಂತು.

ಇದರ ಗುಟ್ಟು ಬಣ್ಣದಲ್ಲಿಲ್ಲ, ನೇಯ್ಗೆಯಲ್ಲಿದೆ. ಸ್ಯಾಟಿನ್ ನೇಯ್ಗೆಯಲ್ಲಿ ಒಂದು ಎಳೆ ನಾಲ್ಕು ಎಳೆಗಳ ಮೇಲೆ ಹಾರಿ ಒಂದರ ಕೆಳಗೆ ಹೋಗುತ್ತದೆ. ಇನ್ನೂ ನುಣುಪು ಬೇಕಾದರೆ ಏಳರ ಮೇಲೆ ಹಾರುತ್ತದೆ. ಹಾಸಿನ (ಉದ್ದಕ್ಕೆ ಹೋಗುವ) ಎಳೆ ಮೇಲೆ ಹಾರಿದ ಜಾಗ ಒಂದು ದಿಕ್ಕಿಗೆ ಹೊಳೆಯುತ್ತದೆ, ಹೊಕ್ಕಿನ (ಅಡ್ಡಕ್ಕೆ ಹೋಗುವ) ಎಳೆ ಮೇಲೆ ಬಂದ ಜಾಗ ಇನ್ನೊಂದು ದಿಕ್ಕಿಗೆ. ಡಮಾಸ್ಕ್‌ನಲ್ಲಿ ನೆಲ, ಅಂದರೆ ಹೂವಿನ ಸುತ್ತಲಿನ ಬಟ್ಟೆ, ಒಂದು ಥರ, ಹೂವು ಅದಕ್ಕೆ ಉಲ್ಟಾ. ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಹೂವು, ಆದರೆ ಹೊಳಪು ಅದಲುಬದಲು. ಈ ಕೊನೆಯ ಮಾತನ್ನು ನಾನು ಮೊದಲೇ ಓದಿದ್ದೆ, ತಿಳಿದಿದ್ದೆ, ಬೇರೆಯವರಿಗೆ ಹೇಳಿಯೂ ಇದ್ದೆ. ಆದರೂ ಮುಂದೆ ಏನು ಮಾಡಿಕೊಂಡೆ ಅಂತ ಹೇಳುತ್ತೇನೆ.

ಚಿಕ್ಕಪೇಟೆಯಲ್ಲಿ ಒಂದು ಶನಿವಾರ

ಅಂಗಡಿಯಲ್ಲಿ "ಡಮಾಸ್ಕ್ ತೋರಿಸಿ" ಅಂದರೆ ಹುಡುಗ ಪಿಳಿಪಿಳಿ ನೋಡಿದ. ಎರಡನೇ ಅಂಗಡಿಯ ಯಜಮಾನರು ಬಿಡಿಸಿ ಹೇಳಿದರು: "ಸೆಲ್ಫ್ ಡಿಸೈನ್ ಜಕಾರ್ಡ್ ಅಂತ ಕೇಳಿ ಸರ್, ಎಲ್ಲರೂ ಕೊಡ್ತಾರೆ." ನೆಲಕ್ಕೂ ಹೂವಿಗೂ ಒಂದೇ ಬಣ್ಣವಿದ್ದರೆ ಸೆಲ್ಫ್ ಡಿಸೈನ್. ಮಗ್ಗದ ಮೇಲೆ ಹೂವು ತೆಗೆಯುವ ಯಂತ್ರ ಜಕಾರ್ಡ್. ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ಅದನ್ನು ಒಂದು ಹದಕ್ಕೆ ತಂದ. ತೂತು ಕೊರೆದ ಕಾರ್ಡುಗಳ ಮಾಲೆ, ಯಾವ ಎಳೆ ಏಳಬೇಕು ಯಾವುದು ಕೂರಬೇಕು ಎಂದು ಆ ತೂತುಗಳೇ ಹೇಳುತ್ತವೆ. ನಮ್ಮವರಿಗೆ ಇದು ಹೊಸದೇನಲ್ಲ. ಕಬ್ಬನ್‌ಪೇಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಸೀರೆ ಮಗ್ಗ ನೋಡಿದವರಿಗೆ ತಲೆಯ ಮೇಲೆ ತೂಗುವ ಆ ಕಾರ್ಡಿನ ಸರ ಗೊತ್ತು.

ಸೆಲ್ಫ್ ಡಿಸೈನ್ ಎಂದು ತೋರಿಸಿದ್ದೆಲ್ಲ ಡಮಾಸ್ಕ್ ಆಗಿರಲಿಲ್ಲ. ಹಿಂಬದಿ ನೋಡುವುದೇ ಪರೀಕ್ಷೆ. ಹಿಂದೆ ಹೂವು ಮಸುಕಾಗಿದ್ದರೆ ಅದು ಪ್ರಿಂಟ್. ಬಿಸಿ ರೋಲರ್‌ನಲ್ಲಿ ಒತ್ತಿ ಹೂವು ಮೂಡಿಸಿದ್ದೂ ಇತ್ತು. ಹತ್ತಿರದಿಂದ ನೋಡಿದರೆ ಹೂವಿನಲ್ಲೂ ನೆಲದಲ್ಲೂ ಎಳೆ ಹೋಗುವ ಬಗೆ ಒಂದೇ, ಬರೀ ತಗ್ಗು ಬಿದ್ದಿದೆ ಅಷ್ಟೇ. ಹಿಂದೆ ಉದ್ದುದ್ದ ದಾರಗಳು ಜೋತಾಡುತ್ತಿದ್ದರೆ ಅದು ಬ್ರೊಕೇಡ್ ಜಾತಿ, ಹೂವಿಗೆಂದೇ ಬೇರೆ ದಾರ ಹಾಕಿರುತ್ತಾರೆ, ಜರಿ ಸೀರೆಯ ಹಿಂಬದಿಯ ಹಾಗೆ. ಡಮಾಸ್ಕ್ ಆದರೆ ಹಿಂದೆಯೂ ನೀಟಾಗಿರುತ್ತದೆ. ಎಷ್ಟು ನೀಟೆಂದರೆ ಯಾವುದು ಮುಂದೆ ಯಾವುದು ಹಿಂದೆ ಎಂದೇ ಗೊತ್ತಾಗಬಾರದು.

ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್" ಅಂದರು. ತುಂಡು ತಂದು ಮನೆಯಲ್ಲಿ ಎರಡು ಎಳೆ ಕಿತ್ತು ಸಿಂಕ್ ಮೇಲೆ ಹಿಡಿದು ಕಡ್ಡಿ ಗೀರಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಸುರುಟಿಕೊಂಡು ಕರಗಿ ಕಪ್ಪು ಮಣಿಯಾಯಿತು. ಉಗುರಲ್ಲಿ ಒತ್ತಿದರೂ ಪುಡಿಯಾಗಲಿಲ್ಲ. ಪಾಲಿಯೆಸ್ಟರ್. ನನಗೇನೂ ಬೇಜಾರಾಗಲಿಲ್ಲ, ಸುಳ್ಳು ಹೇಳಿದ್ದಕ್ಕೆ ಬಿಟ್ಟು. ಪಶ್ಚಿಮದ ಬಿಸಿಲಿಗೆ ಪಾಲಿಯೆಸ್ಟರ್ರೇ ಸರಿ. ರೇಷ್ಮೆ ಡಮಾಸ್ಕ್ ನೋಡಲು ಚೆಂದ, ಆದರೆ ನೇರ ಬಿಸಿಲಿಗೆ ಅದರ ಎಳೆ ಬೇಗ ಲಡ್ಡಾಗಿ ಹರಿಯುತ್ತದೆ. ಹತ್ತಿ ಬಾಳುತ್ತದೆ, ಆದರೆ ಒಗೆದಾಗ ಕುಗ್ಗುತ್ತದೆ, ಇಸ್ತ್ರಿಯೂ ಜಾಸ್ತಿ ಬೇಡುತ್ತದೆ.

ಬಟ್ಟೆ ಆ ದಿನವೇ ಕೊಳ್ಳಲಿಲ್ಲ. ಮೂರು ಅಂಗಡಿಯಿಂದ ಕಾಲು ಕಾಲು ಮೀಟರ್ ತುಂಡು ತಂದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ.

ಒಂದು ವಾರ ಬಾಗಿಲಲ್ಲಿ ತುಂಡು

ಮೂರೂ ತುಂಡನ್ನು ಬಾಲ್ಕನಿ ಬಾಗಿಲಿಗೆ ಬಟ್ಟೆ ಕ್ಲಿಪ್ ಹಾಕಿ ನೇತುಬಿಟ್ಟೆ. ಬೆಳಿಗ್ಗೆ ಎಲ್ಲವೂ ಚೆನ್ನಾಗಿ ಕಂಡವು. ನಾಲ್ಕು ಗಂಟೆಗೆ ಬಿಸಿಲು ಹಿಂದಿನಿಂದ ಬಿದ್ದಾಗ ಮೂರರಲ್ಲೂ ಹೂವು ಮಾಯ! ಬರೀ ಹೊಳೆಯುವ ಚೌಕ. ಅಂಗಡಿಯಲ್ಲಿ ದೀಪದ ಬೆಳಕು ಬಟ್ಟೆಯ ಮುಖದ ಮೇಲೆ ಬಿದ್ದು ವಾಪಸ್ ಕಣ್ಣಿಗೆ ಬರುತ್ತಿತ್ತು, ಹೂವು ಕಾಣುತ್ತಿತ್ತು. ಮನೆಯಲ್ಲಿ ಬೆಳಕು ಬಟ್ಟೆಯನ್ನು ತೂರಿ ಬರುತ್ತಿದೆ. ತೂರಿ ಬರುವ ಬೆಳಕಿಗೆ ಹಾಸೂ ಒಂದೇ, ಹೊಕ್ಕೂ ಒಂದೇ.

ಹಿಂದೆ ಹಳೆಯ ಬಿಳಿ ಪಂಚೆ ಮಡಚಿ ಹಿಡಿದು ನೋಡಿದೆ. ಹೂವು ವಾಪಸ್ ಬಂತು. ಅಂದರೆ ಲೈನಿಂಗ್ ಹಾಕದೆ ಡಮಾಸ್ಕ್ ಹಾಕಿದರೆ ಹಗಲಿಡೀ ಅದಕ್ಕೆ ಕೊಟ್ಟ ದುಡ್ಡು ದಂಡ. ಬಿಸಿಲು ತಡೆಯಲು ಹೇಗೂ ಲೈನಿಂಗ್ ಬೇಕಿತ್ತು, ಈಗ ಎರಡು ಕಾರಣವಾಯಿತು. ಮೊದಲು ಬಿಸಿಲಿಗೆ ಬೀಳುವುದು ಲೈನಿಂಗ್, ಹಾಗಾಗಿ ಬಣ್ಣ ಹೋಗುವುದೂ ನಿಧಾನವಾಗುತ್ತದೆ.

ಬಣ್ಣದ ವಿಷಯ ಬೇಗ ಮುಗಿಯಿತು. ಹೆಂಡತಿ ಬೂದು-ಹಸಿರು ಅಂದಳು, ಆಯಿತು. ಚರ್ಚೆ ಎದ್ದದ್ದು ಯಾವ ಮಗ್ಗುಲು ಮುಂದೆ ಎಂಬುದಕ್ಕೆ. ಒಂದು ಕಡೆ ನೆಲ ಹೊಳಪು, ಹೂವು ಮಂಕು. ಇನ್ನೊಂದು ಕಡೆ ನೆಲ ಮಂಕು, ಹೂವು ಹೊಳಪು. ಅಮ್ಮನಿಗೆ ಹೊಳೆಯುವ ನೆಲ ಇಷ್ಟ, "ರೇಷ್ಮೆ ಥರ ಇದೆ ಕಣೋ" ಅಂದಳು. ನಾವಿಬ್ಬರೂ ಮಂಕು ನೆಲಕ್ಕೆ ಓಟು ಹಾಕಿದೆವು. ರಾತ್ರಿ ದೀಪ ಹಾಕಿದರೆ ಹೂವು ಮಾತ್ರ ಮಿನುಗುತ್ತದೆ, ಟಿವಿ ಬೆಳಕೂ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಅಮ್ಮ ಸುಮ್ಮನಾದಳು.

ಅಳತೆ, ಹೂವಿನ ಲೆಕ್ಕ

ಬಾಗಿಲು 72 ಇಂಚು ಅಗಲ, 84 ಇಂಚು ಎತ್ತರ. ಎರಡೂ ಬದಿ ಆರಾರು ಇಂಚು ಹೊರಗೆ ಹೋಗುವಂತೆ 84 ಇಂಚಿನ ರಾಡ್. ಹಾಗೆ ಮಾಡಿದರೆ ಪರದೆ ಸರಿಸಿದಾಗ ಗೋಡೆ ಮೇಲೆ ಕೂರುತ್ತದೆ, ಬಾಗಿಲು ಪೂರ್ತಿ ತೆರೆಯುತ್ತದೆ. ಬಾಗಿಲಿನ ಮೇಲೆ ಆರು ಇಂಚು ಬಿಟ್ಟು ರಾಡ್. ಕೆಳಗೆ ನೆಲಕ್ಕೆ ಒಂದು ಇಂಚು ಬಿಡಬೇಕು. ವಿದೇಶಿ ಫೋಟೋಗಳಲ್ಲಿ ಪರದೆ ನೆಲದ ಮೇಲೆ ಚೆಲ್ಲಿಕೊಂಡಿರುತ್ತದೆ. ದಿನಾ ನೆಲ ಒರೆಸುವ ಮನೆಯಲ್ಲಿ ಆ ಶೋಕಿ ಎರಡು ದಿನ ನಡೆಯುವುದಿಲ್ಲ. ರಾಡ್ ಪೋಣಿಸಲು ಮೇಲಂಚಿನ ತೂತುಗಳಿಗೆ ಬಳೆ ಕೂರಿಸುವುದರಿಂದ ಪರದೆ ರಾಡ್‌ಗಿಂತ ಒಂದು ಇಂಚು ಮೇಲೆ ನಿಲ್ಲುತ್ತದೆ. ಹೀಗೆ ತಯಾರಾದ ಪರದೆ 90 ಇಂಚು ಬಂತು. ಮೇಲಿನ ಮಡಿಕೆಗೆ ನಾಲ್ಕೂವರೆ, ಕೆಳಗೆ ನಾಲ್ಕು ಇಂಚನ್ನು ಎರಡು ಸಲ ಮಡಚಲು ಎಂಟು, ಕತ್ತರಿ ಓರೆಯಾದರೆ ಇರಲಿ ಎಂದು ಅರ್ಧ. ಒಟ್ಟು 103 ಇಂಚು.

ಬಟ್ಟೆಯ ಪನ್ನ, ಅಂದರೆ ಅಗಲ, 48 ಇಂಚು. ಎರಡೂ ಬದಿ ಎರಡೆರಡು ಇಂಚು ಮಡಿಕೆಗೆ ಹೋದರೆ 44. ಅಂಥ ನಾಲ್ಕು ಪರದೆ ಸೇರಿ 176 ಇಂಚು, ರಾಡ್‌ನ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ. ಡಮಾಸ್ಕ್‌ಗೆ ಎರಡರಷ್ಟು ಬೇಕೇ ಬೇಕು. ಬಟ್ಟೆ ಚಪ್ಪಟೆಯಾಗಿ ನಿಂತರೆ ಬೆಳಕು ಎಲ್ಲ ಕಡೆ ಒಂದೇ ಥರ ಬಿದ್ದು ಸಪ್ಪೆಯಾಗುತ್ತದೆ. ಮಡಿಕೆ ಇದ್ದರೆ ಒಂದು ಮಗ್ಗುಲಲ್ಲಿ ಹೂವು ಹೊಳೆಯುತ್ತದೆ, ಪಕ್ಕದ ಮಗ್ಗುಲಲ್ಲಿ ನೆಲ. ಹೀಗಾಗಿ ಕಾಸು ಉಳಿಸಲು ಪರದೆ ಕಮ್ಮಿ ಮಾಡುವುದಕ್ಕಿಂತ ಅಗ್ಗದ ಬಟ್ಟೆ ತಂದು ಪರದೆ ಜಾಸ್ತಿ ಮಾಡುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಈಗ ಹೂವಿನ ಲೆಕ್ಕ. ನಾಲ್ಕೂ ಪರದೆಯಲ್ಲಿ ಹೂವು ಒಂದೇ ಎತ್ತರದಲ್ಲಿ ಬರಬೇಕು. ಹಾಗಾಗಿ ಪ್ರತಿ ತುಂಡನ್ನೂ ಹೂವಿನ ಅದೇ ಜಾಗದಿಂದ ಶುರು ಮಾಡಿ ಕತ್ತರಿಸಬೇಕು. ಇಷ್ಟವಾದ ಎರಡು ಬಟ್ಟೆಗಳಲ್ಲಿ ಒಂದರಲ್ಲಿ ಹೂವು 26 ಇಂಚಿಗೊಮ್ಮೆ ಮರಳಿ ಬರುತ್ತಿತ್ತು, ಇನ್ನೊಂದರಲ್ಲಿ 32 ಇಂಚಿಗೆ. ನನಗೆ ಬೇಕಿದ್ದದ್ದು 103. ಮೊದಲನೆಯದರಲ್ಲಿ ನಾಲ್ಕು ಸುತ್ತಿಗೆ 104, ಒಂದೇ ಇಂಚು ವ್ಯರ್ಥ. ಎರಡನೆಯದರಲ್ಲಿ ಮೂರು ಸುತ್ತು 96, ಸಾಲದು. ನಾಲ್ಕು ಸುತ್ತು 128. ಒಂದೊಂದು ಪರದೆಗೂ 25 ಇಂಚು ದಂಡ! ಹೂವಿನ ಶುರು ಹೊಂದಿಸಲು ಒಂದು ಸುತ್ತು ಸೇರಿಸಿ, ಕೊನೆಯ ಪರದೆಯ ದಂಡ ಮಾತ್ರ ಬಿಟ್ಟರೆ ಮೊದಲನೆಯದು 11.5 ಮೀಟರ್ ಬೇಕು, ಎರಡನೆಯದು 13.5. ಮೀಟರಿಗೆ 420 ರೂಪಾಯಿಯ ಬಟ್ಟೆ 4,830ಕ್ಕೆ ಮುಗಿಯಿತು. ಅಗ್ಗವೆಂದು ಕಂಡ 380ರ ಬಟ್ಟೆ 5,130 ಆಗುತ್ತಿತ್ತು. ಅಂಗಡಿಗೆ ಟೇಪ್ ತೆಗೆದುಕೊಂಡು ಹೋಗಿ. ಹೂವಿನ ತುದಿಯಿಂದ ಮುಂದಿನ ಅದೇ ತುದಿಗೆ ಅಳೆಯಿರಿ. ಅವರು ನಗುತ್ತಾರೆ, ನಗಲಿ.

ಎಲ್ಲವನ್ನೂ ಒಂದೇ ಥಾನಿನಿಂದ ಹರಿಸಿಕೊಂಡೆ. ಬೇರೆ ಥಾನಿನಲ್ಲಿ ಬಣ್ಣ ಒಂದು ಕೂದಲೆಳೆ ಹೆಚ್ಚುಕಮ್ಮಿ ಇರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಾಡ್

ಒಂದು ಇಂಚು ದಪ್ಪದ ಸ್ಟೀಲ್ ಪೈಪು, ಮೂರು ಬ್ರಾಕೆಟ್. ಲೈನಿಂಗ್ ಹಾಕಿದ ಪರದೆಯ ಭಾರಕ್ಕೆ ಏಳು ಅಡಿ ಪೈಪು ನಡುವೆ ಬಾಗುತ್ತದೆ, ಅದಕ್ಕೇ ಮಧ್ಯದಲ್ಲಿ ಒಂದು. ಪರದೆಯ ಬಳೆ ಅದನ್ನು ದಾಟುವುದಿಲ್ಲ, ಆದರೆ ಎಡಕ್ಕೆರಡು ಬಲಕ್ಕೆರಡು ಪರದೆ ಇದ್ದರೆ ದಾಟುವ ಅಗತ್ಯವೂ ಇಲ್ಲ. ಬಾಗಿಲಿನ ಮೇಲೆ ಕಾಂಕ್ರೀಟ್ ಲಿಂಟಲ್ ಇರುತ್ತದೆ, ಸಾದಾ ಡ್ರಿಲ್ ಅಲ್ಲಿ ಬರೀ ಕಿರುಚುತ್ತದೆ. ಹ್ಯಾಮರ್ ಡ್ರಿಲ್ ಬಾಡಿಗೆಗೆ ತಂದು 8 ಎಂಎಂ ಬಿಟ್‌ನಲ್ಲಿ ತೂತು ಹೊಡೆದು ಪ್ಲಾಸ್ಟಿಕ್ ಪ್ಲಗ್ ಬಡಿದೆ. ಒಂದು ತೂತಿನಲ್ಲಿ ಕಂಬಿ ಸಿಕ್ಕಿತು, ಅರ್ಧ ಇಂಚು ಪಕ್ಕಕ್ಕೆ ಸರಿದೆ. ಹಳೆಯ ತೂತು ಬ್ರಾಕೆಟ್ ಹಿಂದೆ ಮುಚ್ಚಿಹೋಯಿತು.

ಹೊಲಿಗೆ, ಮೊದಲ ಸಲ

ಲೈನಿಂಗ್ ಸಾದಾ ಹತ್ತಿ ಬಟ್ಟೆ. ಅಮ್ಮನ ಮಾತಿನಂತೆ ರಾತ್ರಿ ಬಕೆಟ್‌ನಲ್ಲಿ ನೆನೆಹಾಕಿ ಒಣಗಿಸಿ ಇಸ್ತ್ರಿ ಹಾಕಿದ ಮೇಲೇ ಕತ್ತರಿಸಿದೆ. ಡಮಾಸ್ಕ್ ಕುಗ್ಗುವುದಿಲ್ಲ, ಲೈನಿಂಗ್ ಕುಗ್ಗುತ್ತದೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಪರದೆ ಜೋಲಿಯ ಹಾಗೆ ಹಿಂದಕ್ಕೆ ಸುರುಟುತ್ತದೆ.

ಮೆಷಿನ್‌ಗೆ ಹೊಸ ಸೂಜಿ, 14 ನಂಬರ್. ಮೊಂಡು ಸೂಜಿ ಹಾರುವ ಎಳೆಯನ್ನು ಚುಚ್ಚುವ ಬದಲು ಎಳೆದುಕೊಂಡು ಹೋಗುತ್ತದೆ, ಒಂದು ಎಳೆ ಬಿಗಿದರೆ ಅರ್ಧ ಅಡಿ ಸುಕ್ಕು. ಗುಂಡುಪಿನ್ನೂ ಹಾಕಲಿಲ್ಲ, ಬಟ್ಟೆ ಕ್ಲಿಪ್ಪಿನಲ್ಲೇ ಹಿಡಿಸಿದೆ. ಕತ್ತರಿಸಿದ ತುದಿ ಮುಟ್ಟಿದರೆ ನೂಲು ಬಿಡುತ್ತದೆ. ಕಾಲ್ಮೆಷಿನ್‌ನಲ್ಲಿ ಓವರ್‌ಲಾಕ್ ಇಲ್ಲ, ಹಾಗಾಗಿ ಮೇಲೂ ಕೆಳಗೂ ತುದಿ ಮಡಿಕೆಯೊಳಗೆ ಅಡಗಲೇಬೇಕು. ಬದಿಯ ಅಂಚು ಬಿಗಿಯಾಗಿರುತ್ತದೆ, ಅಲ್ಲಲ್ಲಿ ಕತ್ತರಿಯಿಂದ ಚೂರು ಚೂರು ಕಚ್ಚು ಹಾಕಿದೆ.

ಡಮಾಸ್ಕನ್ನು ಮುಖ ಕೆಳಗಾಗಿ ಹಾಸಿ, ಮೇಲೆ ಲೈನಿಂಗ್ ಹರಡಿ, ಬದಿಯ ಮಡಿಕೆಯನ್ನು ಲೈನಿಂಗ್ ಮೇಲೆ ತಂದು ಹೊಲಿಯುವುದು. ಮೇಲ್ಗಡೆ ಮಡಿಕೆಯೊಳಗೆ ಬಕ್ರಂ, ಅಂದರೆ ಗಡಸು ಬಟ್ಟೆಯ ಪಟ್ಟಿ. ಆಮೇಲೆ ಬಳೆ. ಪರದೆಗೆ ಎಂಟು: ಅಂಚಿನಿಂದ ಎರಡೂ ಮುಕ್ಕಾಲು ಇಂಚಿಗೆ ಮೊದಲನೆಯದು, ಅಲ್ಲಿಂದ ಐದೂವರೆ ಇಂಚಿಗೊಂದು. ಬಳೆಯ ಸಂಖ್ಯೆ ಸರಿಸಂಖ್ಯೆಯೇ ಆಗಿರಬೇಕು, ಆಗ ಎರಡೂ ತುದಿ ಗೋಡೆಯ ಕಡೆಗೆ ತಿರುಗುತ್ತವೆ. ಬೆಸ ಆದರೆ ಒಂದು ತುದಿ ಮನೆಯೊಳಗೆ ಮೂಗು ಚಾಚುತ್ತದೆ. ಕೆಳಗಿನ ಮಡಿಕೆ ಆಗಲೇ ಹೊಲಿಯಬಾರದು. ಎರಡು ಮೂರು ದಿನ ನೇತುಹಾಕಿ, ಬಟ್ಟೆ ಇಳಿಯುವಷ್ಟು ಇಳಿದ ಮೇಲೆ ಗುರುತು ಹಾಕಬೇಕು.

ಭಾನುವಾರ ಹಗಲು ಎರಡು ಪರದೆ ಮುಗಿಯಿತು. ಉಳಿದ ಎರಡನ್ನು ರಾತ್ರಿ ರೂಮಿನಲ್ಲಿ ಒಂದೇ ಟ್ಯೂಬ್‌ಲೈಟ್ ಕೆಳಗೆ ಹೊಲಿದೆ. ಹನ್ನೆರಡೂವರೆಗೆ ನಾಲ್ಕನ್ನೂ ರಾಡ್‌ಗೆ ಪೋಣಿಸಿ ಮಲಗಿದೆ.

ಸೋಮವಾರ ಬೆಳಿಗ್ಗೆ

ಎಡಗಡೆ ಎರಡು ಪರದೆ ಮಂಕು. ಬಲಗಡೆ ಎರಡು ಥಳಥಳ. ಒಂದೇ ಬಣ್ಣದ ಎರಡು ಬೇರೆ ಬೇರೆ ಬಟ್ಟೆ ತಂದ ಹಾಗಿತ್ತು.

ನನ್ನ ಬಾಯಿಂದ ಮೊದಲು ಬಂದದ್ದು ಅಂಗಡಿಯವರಿಗೆ ಬೈಗುಳ. ಒಂದೇ ಥಾನು ಅಂತ ಹೇಳಿ ಎರಡು ಥಾನಿನ ಬಟ್ಟೆ ಸೇರಿಸಿದ್ದಾರೆ! ಫೋನ್ ಮಾಡಲು ಬಿಲ್ ಹುಡುಕುತ್ತಿದ್ದೆ. ಅಮ್ಮ ಕಾಫಿ ಲೋಟ ಹಿಡಿದು ಬಂದು ಪರದೆಯ ತುದಿ ಮಡಚಿ ನೋಡಿದಳು. "ಲೋ, ಇವೆರಡು ಉಲ್ಟಾ ಹೊಲಿದಿದ್ದೀಯ."

ಹೂವಿನ ಬುಡದಲ್ಲಿ ಒಂದು ಸಣ್ಣ ಎಲೆ ಬಲಕ್ಕೆ ವಾಲುತ್ತದೆ. ಥಳಥಳದ ಪರದೆಗಳಲ್ಲಿ ಅದು ಎಡಕ್ಕೆ ವಾಲಿತ್ತು. ನಾನು ಹಿಂಬದಿಗೆ ಚಾಕ್‌ಪೀಸಿನಲ್ಲಿ × ಗುರುತು ಹಾಕಿದ್ದೆ. ಸ್ಯಾಟಿನ್ ಮೇಲೆ ಚಾಕ್ ನಿಲ್ಲುವುದಿಲ್ಲ, ಮಡಚಿ ತೆಗೆಯುವಷ್ಟರಲ್ಲಿ ಉದುರಿಹೋಗಿತ್ತು. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಎರಡೂ ಮಗ್ಗುಲು ಒಂದೇ ಥರ ಕಂಡವು, "ಇದೇ ಮುಂದೆ" ಅಂತ ಧೈರ್ಯವಾಗಿ ಹೊಲಿದೆ. ಹಿಂಬದಿಯೂ ನೀಟಾಗಿರುತ್ತದೆ ಎಂದು ಚಿಕ್ಕಪೇಟೆಯಲ್ಲಿ ಮೆಚ್ಚಿಕೊಂಡಿದ್ದೆನಲ್ಲ, ಅದೇ ಕೈಕೊಟ್ಟಿತು.

"ಒಂದು ಬಿಟ್ಟು ಒಂದು ಹಾಕು, ಡಿಸೈನ್ ಅಂತ ಹೇಳಿದರಾಯಿತು" ಅಂದಳು ಅಮ್ಮ. ಹಾಕಿಯೂ ನೋಡಿದೆವು. ಕಲ್ಯಾಣಮಂಟಪದ ಹಾಗೆ ಕಂಡಿತು.

ಹೊಲಿಗೆ, ಎರಡನೇ ಸಲ

ಬಿಚ್ಚುವುದಕ್ಕೆ ಎರಡು ಸಂಜೆ ಹಿಡಿಯಿತು. ಹಳೆಯ ಬ್ಲೇಡ್ ಹಿಡಿದು ಶುರು ಮಾಡಿ, ಒಂದು ಕಡೆ ಬಟ್ಟೆಯ ಎಳೆಯನ್ನೇ ಕೊಯ್ದ ಮೇಲೆ ಬುದ್ಧಿ ಬಂತು. ಇಪ್ಪತ್ತು ರೂಪಾಯಿಯ ಹೊಲಿಗೆ ಬಿಚ್ಚುವ ಕಡ್ಡಿ ತಂದೆ. ನಾಲ್ಕೈದು ಹೊಲಿಗೆಗೊಂದರಂತೆ ಒಂದು ಕಡೆ ಕತ್ತರಿಸಿಕೊಂಡು ಹೋಗಿ, ಇನ್ನೊಂದು ಕಡೆಯಿಂದ ದಾರ ಎಳೆದರೆ ಉದ್ದಕ್ಕೆ ಬರುತ್ತದೆ. ಬಳೆಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದೆ, ಹದಿನಾರರಲ್ಲಿ ಎರಡು ಮುರಿದವು.

ಬಳೆಯ ತೂತು ಆಗಲೇ ಕತ್ತರಿಸಿಯಾಗಿತ್ತು. ಅದೇ ಹೆದರಿಕೆಯಾಗಿತ್ತು ನನಗೆ. ಆದರೆ ಎರಡೂ ಅಂಚಿನಿಂದ ಒಂದೇ ಅಳತೆ ಬಿಟ್ಟಿದ್ದೆನಲ್ಲ, ಹಾಗಾಗಿ ಮೇಲಿನ ಮಡಿಕೆಯನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿದರೂ ತೂತಿಗೆ ತೂತು ಕೂತಿತು. ಲೈನಿಂಗನ್ನೂ ಹಾಗೇ ಮಗುಚಿ ಇನ್ನೊಂದು ಮಗ್ಗುಲಿಗೆ ತಂದೆ. ಹಳೆಯ ಮಡಿಕೆಯ ಗೆರೆ ಹೋಗಿಸಲು ಹಿಂಬದಿಯಿಂದ, ಒದ್ದೆ ಕರವಸ್ತ್ರ ಇಟ್ಟು, ಹದವಾದ ಬಿಸಿಯಲ್ಲಿ ಇಸ್ತ್ರಿ. ಮುಂಬದಿಗೆ ನೇರ ಇಸ್ತ್ರಿ ತಾಗಿಸಿದರೆ ಹಾರುವ ಎಳೆ ಚಪ್ಪಟೆಯಾಗಿ ಅಲ್ಲೊಂದು ಹೊಳೆಯುವ ಕಲೆ ಉಳಿಯುತ್ತದೆ. ಬ್ಲೇಡ್ ತಾಗಿದ ಜಾಗ ಅದೃಷ್ಟಕ್ಕೆ ಮಡಿಕೆಯೊಳಗೆ ಹೋಯಿತು. ಈ ಸಲ ಗುರುತಿಗೆ ಚಾಕ್ ಬಳಸಲಿಲ್ಲ. ನಾಲ್ಕೂ ಪರದೆಯ ಹಿಂಬದಿಯ ಮೂಲೆಯಲ್ಲಿ ಕೆಂಪು ದಾರದ ಒಂದೊಂದು ಗಂಟು ಹಾಕಿದೆ. ಒಗೆಯಲು ತೆಗೆದಾಗಲೂ ಅದು ಬೇಕಾಗುತ್ತದೆ.

ಮೂರು ದಿನ ನೇತುಬಿಟ್ಟ ಮೇಲೆ ಅಳೆದರೆ ಎಲ್ಲ ಪರದೆಯೂ ಚೂರು ಇಳಿದಿತ್ತು, ಒಂದು ಮಾತ್ರ ಅರ್ಧ ಇಂಚು. ನೆಲದಿಂದ ಒಂದು ಇಂಚಿನ ಮರದ ಪಟ್ಟಿ ಇಟ್ಟು ಅದರ ನೇರಕ್ಕೆ ಕ್ಲಿಪ್ ಹಾಕಿ, ಕೆಳಗಿನ ಮಡಿಕೆ ಹೊಲಿದು ಮುಗಿಸಿದೆ. ಲೈನಿಂಗನ್ನು ಒಂದು ಇಂಚು ಮೋಟಾಗಿ ಬೇರೆ ಮಡಚಿ ಹೊಲಿದೆ. ಎರಡನ್ನೂ ಸೇರಿಸಿ ಹೊಲಿದರೆ ಮುಂದೆ ಒಂದು ಜಗ್ಗಿದಾಗ ಇನ್ನೊಂದು ಸುಕ್ಕಾಗುತ್ತದೆ.

ಈಗ ನಾಲ್ಕು ಗಂಟೆಯ ಬಿಸಿಲಿಗೆ ಹಾಲ್ ತಂಪಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಗಾಜು ಕಾಯುವುದು ಕಾಯುತ್ತದೆ. ಆದರೆ ಸೋಫಾ ಮೇಲೆ ಕೂರಬಹುದು. ರಾತ್ರಿ ಮೂಲೆಯ ದೀಪ ಒಂದನ್ನೇ ಹಾಕಿದರೆ ಹೂವುಗಳು ಒಂದೊಂದು ಮಡಿಕೆಯಲ್ಲಿ ಕಂಡು, ಪಕ್ಕದ ಮಡಿಕೆಯಲ್ಲಿ ಇಲ್ಲವಾಗುತ್ತವೆ. ಬಟ್ಟೆ, ಲೈನಿಂಗ್, ರಾಡ್, ಬಳೆ, ಡ್ರಿಲ್ ಬಾಡಿಗೆ ಎಲ್ಲ ಸೇರಿ ಎಂಟು ಸಾವಿರದ ಹತ್ತಿರ ಬಂತು. ಮುರಿದ ಎರಡು ಬಳೆ ಬಿಡಿಯಾಗಿ ಸಿಗದೆ ಒಂದು ಡಜನ್ನೇ ತಂದೆ, ಉಳಿದ ಹತ್ತು ಡ್ರಾಯರಿನಲ್ಲಿವೆ.

ಮುಕ್ಕಾಲು ಮೀಟರಿನಷ್ಟು ಬಟ್ಟೆ ಮಿಕ್ಕಿತ್ತು. ಅಮ್ಮ ಅದರಲ್ಲಿ ಮೆಷಿನ್‌ಗೆ ಒಂದು ಹೊದಿಕೆ ಹೊಲಿದುಕೊಂಡಳು, ಹೊಳೆಯುವ ನೆಲ ಮೇಲಾಗಿ. "ಉಲ್ಟಾ ಆಯಿತಲ್ಲ" ಅಂದೆ. "ನಿನ್ನ ಪರದೆ ಉಲ್ಟಾ, ಇದು ಸರಿಯಾಗಿದೆ" ಅಂದಳು.